ಹರ್ಲಿ ಹಿಡಿದು ನೋಡಿದಾಗ

ಕ್ರಿಕೆಟ್ ಬ್ಯಾಟ್ ಹಿಡಿದು ಬೆಳೆದವರ ಕೈಗೆ ಐರ್ಲೆಂಡಿನಲ್ಲಿ ಹರ್ಲಿಂಗ್ ಕೋಲು ಕೊಟ್ಟರೆ, ಕಲಿಸುವವರು ಮೊದಲು ತಿದ್ದುವುದು ಅವರ ಹಿಡಿತವನ್ನು. ಬಲಗೈ ಬ್ಯಾಟ್ಸ್‌ಮನ್‌ಗೆ ಎಡಗೈ ಮೇಲೆ, ಬಲಗೈ ಕೆಳಗೆ ಇಟ್ಟು ರೂಢಿ. ಹರ್ಲಿಂಗ್‌ನಲ್ಲಿ ಇದು ತಿರುಗುಮುರುಗು. ಬಲವಾದ ಕೈ ಕೋಲಿನ ಮೇಲ್ತುದಿಯನ್ನು ಹಿಡಿದಿರಬೇಕು. ಇನ್ನೊಂದು ಕೈ ಹೊಡೆಯುವ ಹೊತ್ತಿಗೆ ಮಾತ್ರ ಅದರ ಕೆಳಗೆ ಬಂದು ಸೇರಬೇಕು. ಕಾರಣ ಆಟದಲ್ಲೇ ಇದೆ. ಆಟಗಾರ ಒಂದೇ ಕೈಯಲ್ಲಿ ಕೋಲು ಹಿಡಿದು ಓಡುತ್ತಾನೆ, ಗಾಳಿಯಲ್ಲಿ ಬರುವ ಚೆಂಡನ್ನು ಹಿಡಿಯಲು ಮತ್ತೊಂದು ಕೈ ಖಾಲಿ ಇರಬೇಕು. ಇಷ್ಟು ಹೇಳಿಕೊಟ್ಟ ಮೇಲೂ ಹೊಸಬರ ಕೈಗಳು ಬಹಳ ಹೊತ್ತು ಹಳೆಯ ಅಭ್ಯಾಸಕ್ಕೇ ಜಾರುತ್ತಿರುತ್ತವೆ.

ಐರ್ಲೆಂಡಿಗೆ ಹೋದವರು ಸಾಮಾನ್ಯವಾಗಿ ಪಶ್ಚಿಮ ತೀರದ ಮೋಹರ್ ಕಡಿಬಂಡೆಗಳನ್ನು ನೋಡುತ್ತಾರೆ, ಡಬ್ಲಿನ್ನಿನ ಟ್ರಿನಿಟಿ ಕಾಲೇಜಿಗೆ ಹೋಗುತ್ತಾರೆ, ಸಂಜೆ ಎಲ್ಲಾದರೂ ಕುಳಿತು ಪಿಟೀಲು ಕೇಳುತ್ತಾರೆ. ಎಲ್ಲವೂ ನೋಡತಕ್ಕದ್ದೇ. ಆದರೆ ಆ ಜನರನ್ನು ಹತ್ತಿರದಿಂದ ಅರಿಯಬೇಕೆನ್ನುವವರು ಅವರ ಆಟದ ಬಯಲಿಗೆ ಇಳಿಯಬೇಕು. ಗ್ಯಾಲರಿಯಲ್ಲಿ ಕುಳಿತು ನೋಡಿದರೆ ಅರ್ಧ ತಿಳಿಯುತ್ತದೆ. ಉಳಿದರ್ಧ ತಿಳಿಯಲು ಕೋಲನ್ನು ಕೈಗೆ ತೆಗೆದುಕೊಳ್ಳಲೇಬೇಕು.

ಹರ್ಲಿಂಗ್ ಎಂದರೆ ಹದಿನೈದು ಜನರ ಎರಡು ತಂಡಗಳು ಕೋಲು ಮತ್ತು ಚೆಂಡಿನಿಂದ ಆಡುವ ಆಟ. ಬಯಲು 130ರಿಂದ 145 ಮೀಟರ್ ಉದ್ದ, ಅಂದರೆ ನಮಗೆ ಗೊತ್ತಿರುವ ಫುಟ್ಬಾಲ್ ಮೈದಾನಕ್ಕಿಂತ ಸಾಕಷ್ಟು ದೊಡ್ಡದು. ಎರಡೂ ಕೊನೆಗಳಲ್ಲಿ ಇಂಗ್ಲಿಷಿನ ‘ಎಚ್’ ಅಕ್ಷರದ ಆಕಾರದ ಕಂಬಗಳಿರುತ್ತವೆ. ಚೆಂಡು ಅಡ್ಡಪಟ್ಟಿಯ ಮೇಲಿನಿಂದ ಹೋದರೆ ಒಂದು ಅಂಕ. ಗೋಲ್‌ಕೀಪರನ್ನು ದಾಟಿ ಕೆಳಗಿನ ಬಲೆಗೆ ಬಿದ್ದರೆ ಗೋಲು, ಅದಕ್ಕೆ ಮೂರು ಅಂಕ. ಕೋಲಿಗೆ ಹರ್ಲಿ ಎನ್ನುತ್ತಾರೆ, ಚೆಂಡಿಗೆ ಸ್ಲಿಟರ್. ಒಳಗೆ ಕಾರ್ಕ್, ಹೊರಗೆ ಚರ್ಮ. ತೂಕ 110ರಿಂದ 120 ಗ್ರಾಂ, ಕ್ರಿಕೆಟ್ ಚೆಂಡಿಗಿಂತ ಹಗುರ. ಮೈಮೇಲೆ ಎದ್ದು ಕಾಣುವ ಏಣುಗಳಿರುವುದರಿಂದ ಕೈಗೂ ಕೋಲಿಗೂ ಹಿಡಿತ ಸಿಗುತ್ತದೆ. ಪಳಗಿದವರು ಹೊಡೆದರೆ ಈ ಚೆಂಡು ಗಂಟೆಗೆ 150 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ಹಾರುತ್ತದೆ. 2010ರಿಂದ ಎಲ್ಲ ಹಂತದ ಆಟಗಾರರಿಗೂ ಮುಖಕವಚವಿರುವ ಹೆಲ್ಮೆಟ್ ಕಡ್ಡಾಯವಾಗಿದೆ. ಕಲಿಯಲು ಬರುವ ಪ್ರವಾಸಿಗರಿಗೂ ಅದನ್ನು ತೊಡಿಸಿಯೇ ಬಯಲಿಗೆ ಬಿಡುತ್ತಾರೆ.

ಹೊಸಬರ ಮೊದಲ ಪರೀಕ್ಷೆ ನೆಲದಲ್ಲಿ ಬಿದ್ದ ಚೆಂಡನ್ನು ಎತ್ತುವುದು. ಬರಿಗೈಯಲ್ಲಿ ನೆಲದಿಂದ ತೆಗೆದುಕೊಂಡರೆ ತಪ್ಪು, ಕೋಲಿನಿಂದಲೇ ಎಬ್ಬಿಸಬೇಕು. ಓಡುತ್ತ ಬಂದು, ಸೊಂಟ ಬಗ್ಗಿಸಿ, ಕೋಲನ್ನು ಹೆಚ್ಚುಕಡಿಮೆ ನೆಲಕ್ಕೆ ಸಮನಾಗಿ ಇಳಿಸಿ, ಅದರ ಅಗಲವಾದ ತುದಿಯನ್ನು ಚೆಂಡಿನ ಕೆಳಗೆ ತೂರಿಸಿ ಚಿಮ್ಮಿಸಬೇಕು. ಎದೆಯ ಮಟ್ಟಕ್ಕೆ ಎದ್ದ ಚೆಂಡನ್ನು ಖಾಲಿ ಕೈಯಲ್ಲಿ ಹಿಡಿಯಬೇಕು, ಮತ್ತೆ ಸ್ವಲ್ಪ ಮೇಲಕ್ಕೆ ಎಸೆದುಕೊಂಡು ಎರಡೂ ಕೈ ಸೇರಿಸಿ ಬಾರಿಸಬೇಕು. ಚಿನ್ನಿದಾಂಡು ಆಡಿದವರಿಗೆ ಈ ಚಿಮ್ಮಿಸಿ ಹೊಡೆಯುವ ಲಯ ಬೇಗ ಹಿಡಿಸುತ್ತದೆ. ಆದರೆ ಚಿನ್ನಿ ಹಾರುವಾಗ ಪಕ್ಕದಲ್ಲಿ ನಿಂತು ಭುಜ ತಾಗಿಸುವವರು ಯಾರೂ ಇರುವುದಿಲ್ಲ. ಇಲ್ಲಿ ಎದುರಾಳಿಯೂ ಅದೇ ಚೆಂಡಿಗೆ ಬಗ್ಗಿರುತ್ತಾನೆ.

ಚೆಂಡನ್ನು ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆಗಿಂತ ಹೆಚ್ಚು ಹೋಗುವಂತಿಲ್ಲ. ಮುಂದೆ ಹೋಗಬೇಕಾದರೆ ಕೋಲಿನ ಹಲಗೆಯ ಮೇಲೆ ಚೆಂಡನ್ನು ಕೂರಿಸಿ, ಅಥವಾ ಪುಟಿಸುತ್ತ, ಓಡಬೇಕು. ನಡೆಯುತ್ತ ಮಾಡಿದರೆ ಚೆಂಡು ನಿಲ್ಲುತ್ತದೆ. ಓಟ ಶುರುವಾದ ಕೂಡಲೇ ಉರುಳಿ ಬೀಳುತ್ತದೆ. ಅದೇ ಬಯಲಿನ ಇನ್ನೊಂದು ತುದಿಯಲ್ಲಿ ಆರೇಳು ವರ್ಷದ ಮಕ್ಕಳು ಅದನ್ನೇ ಸಲೀಸಾಗಿ ಮಾಡುತ್ತಿರುತ್ತಾರೆ. ನಡೆಯಲು ಕಲಿತಾಗಿನಿಂದ ಅವರ ಕೈಯಲ್ಲಿ ಒಂದು ಪುಟ್ಟ ಹರ್ಲಿ ಇದ್ದೇ ಇರುತ್ತದೆ.

ಇದನ್ನೆಲ್ಲ ಎಲ್ಲಿ ಕಲಿಯಬಹುದು? ಡಬ್ಲಿನ್ನಿನಲ್ಲಿ ‘ಎಕ್ಸ್‌ಪೀರಿಯನ್ಸ್ ಗೇಲಿಕ್ ಗೇಮ್ಸ್’ ಎಂಬ ಸಂಸ್ಥೆ ಪ್ರವಾಸಿಗರ ಗುಂಪುಗಳಿಗೆ ಹರ್ಲಿಂಗ್, ಗೇಲಿಕ್ ಫುಟ್ಬಾಲ್, ಹ್ಯಾಂಡ್‌ಬಾಲ್ ಮೂರನ್ನೂ ಪರಿಚಯಿಸುತ್ತ ಬಂದಿದೆ. ಹರ್ಲಿಂಗ್‌ನ ತವರೆನಿಸಿಕೊಂಡ ಕಿಲ್ಕೆನ್ನಿ ಪಟ್ಟಣದಲ್ಲಿ ‘ದ ಕಿಲ್ಕೆನ್ನಿ ವೇ’ ಹೆಸರಿನ ಇಂಥದೇ ಪರಿಚಯ ಕಾರ್ಯಕ್ರಮ ನಡೆದುಬಂದಿದೆ. ಡಬ್ಲಿನ್ನಿನ ಕ್ರೋಕ್ ಪಾರ್ಕ್ ಕ್ರೀಡಾಂಗಣದ ಮ್ಯೂಸಿಯಮ್ಮಿನಲ್ಲೂ ಚೆಂಡು ಹೊಡೆದು ನೋಡುವ ಜಾಗವಿದೆ. ಕೋಲು, ಹೆಲ್ಮೆಟ್ ಅವರೇ ಕೊಡುತ್ತಾರೆ. ಕ್ರೀಡಾ ಶೂ ಮತ್ತು ಮಳೆಯಲ್ಲಿ ನೆನೆದರೂ ಪರವಾಗಿಲ್ಲ ಎನ್ನುವಂಥ ಬಟ್ಟೆ ಇದ್ದರೆ ಸಾಕು.

ಈ ಆಟಗಳ ಹಿಂದಿರುವ ಸಂಸ್ಥೆಯ ಕಥೆ ಕೇಳದೆ ಆಟ ಪೂರ್ತಿ ಅರ್ಥವಾಗುವುದಿಲ್ಲ. 1884ರ ನವೆಂಬರ್ 1ರಂದು ಟಿಪರರಿ ಕೌಂಟಿಯ ಥರ್ಲಸ್ ಪಟ್ಟಣದ ಹೇಯ್ಸ್ ಹೋಟೆಲಿನಲ್ಲಿ ಬೆರಳೆಣಿಕೆಯ ಜನ ಸೇರಿ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್, ಅಂದರೆ ಜಿ.ಎ.ಎ., ಕಟ್ಟಿದರು. ಮುಂದೆ ನಿಂತವರು ಮೈಕೇಲ್ ಕ್ಯೂಸಾಕ್ ಎಂಬ ಶಿಕ್ಷಕ. ಮೊದಲ ಅಧ್ಯಕ್ಷರು ಹೆಸರಾಂತ ಅಥ್ಲೀಟ್ ಮಾರಿಸ್ ಡ್ಯಾವಿನ್. ದೇಶ ಆಗ ಬ್ರಿಟಿಷರ ಆಳ್ವಿಕೆಯಲ್ಲಿತ್ತು. ಊರಿನ ಹಳೆಯ ಆಟಗಳು ಕಣ್ಮರೆಯಾಗುತ್ತಿವೆ, ಆಳುವವರ ಆಟಗಳು ಆ ಜಾಗ ಹಿಡಿಯುತ್ತಿವೆ ಎಂಬ ಸಂಕಟ ಅವರನ್ನು ಒಟ್ಟುಗೂಡಿಸಿತ್ತು.

ಬೆಂಗಳೂರಿನ ಕ್ರಿಕೆಟ್ ಪ್ರಿಯರಿಗೆ 2011ರ ಮಾರ್ಚ್ 2 ನೆನಪಿರಬಹುದು. ಅಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕೆವಿನ್ ಒಬ್ರಿಯನ್ 50 ಎಸೆತಗಳಲ್ಲಿ ನೂರು ಬಾರಿಸಿದರು, ಐರ್ಲೆಂಡ್ ತಂಡ ಇಂಗ್ಲೆಂಡಿನ 327 ರನ್ನುಗಳನ್ನು ಬೆನ್ನಟ್ಟಿ ವಿಶ್ವಕಪ್‌ನಲ್ಲಿ ಗೆದ್ದಿತು. ಅದೇ ಐರ್ಲೆಂಡಿನಲ್ಲಿ ಜಿ.ಎ.ಎ. ಸದಸ್ಯರು ಕ್ರಿಕೆಟ್ ಆಡುವಂತಿಲ್ಲ, ನೋಡಲು ಹೋಗುವಂತೆಯೂ ಇಲ್ಲ ಎಂಬ ಕಟ್ಟಳೆ 1971ರವರೆಗೆ ಇತ್ತು. ರಗ್ಬಿ, ಸಾಕರ್, ಹಾಕಿಗೂ ಅದೇ ನಿಷೇಧ. ದೇಶದ ಮೊದಲ ರಾಷ್ಟ್ರಾಧ್ಯಕ್ಷ ಡಗ್ಲಸ್ ಹೈಡ್ 1938ರಲ್ಲಿ ಒಂದು ಸಾಕರ್ ಪಂದ್ಯಕ್ಕೆ ಹೋದರೆಂದು ಅವರನ್ನು ಸಂಘದ ಪೋಷಕ ಸ್ಥಾನದಿಂದಲೇ ತೆಗೆದುಹಾಕಿದರು. ಐರಿಷ್ ಭಾಷೆಯ ಉಳಿವಿಗಾಗಿ ಜೀವ ತೇದ ವಿದ್ವಾಂಸರು ಅವರು. ಸ್ವಂತದ್ದನ್ನು ಉಳಿಸಿಕೊಳ್ಳುವ ಹಟ ಅಲ್ಲಿ ಎಲ್ಲೆ ಮೀರಿತ್ತೆಂದೇ ಹೇಳಬೇಕು. ಆದರೆ ಆ ಹಟ ಹುಟ್ಟಿದ್ದು ನೋವಿನಿಂದ ಎಂಬುದನ್ನೂ ಮರೆಯಬಾರದು.

ಆ ನೋವಿನ ಗುರುತು ಕ್ರೋಕ್ ಪಾರ್ಕ್‌ನಲ್ಲೇ ಇದೆ. 1920ರ ನವೆಂಬರ್ 21ರಂದು ಅಲ್ಲಿ ಡಬ್ಲಿನ್ ಮತ್ತು ಟಿಪರರಿ ತಂಡಗಳ ಗೇಲಿಕ್ ಫುಟ್ಬಾಲ್ ಪಂದ್ಯ ನಡೆಯುತ್ತಿದ್ದಾಗ ಬ್ರಿಟಿಷ್ ಪಡೆಗಳು ಒಳನುಗ್ಗಿ ಗುಂಡು ಹಾರಿಸಿದವು. 14 ಜನ ಸತ್ತರು, ಅವರಲ್ಲಿ ಮಕ್ಕಳಿದ್ದರು. ಟಿಪರರಿಯ ಆಟಗಾರ ಮೈಕೇಲ್ ಹೋಗನ್ ಬಯಲಿನಲ್ಲೇ ಬಿದ್ದರು. ಇಂದು ಪ್ರಶಸ್ತಿ ಕೊಡುವ ಗ್ಯಾಲರಿಗೆ ಅವರದೇ ಹೆಸರು. 2007ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ರಗ್ಬಿ ತಂಡ ಅದೇ ಬಯಲಿಗೆ ಬಂದಾಗ, ಅವರ ರಾಷ್ಟ್ರಗೀತೆ ಮುಗಿಯುವವರೆಗೂ ತುಂಬಿದ ಕ್ರೀಡಾಂಗಣ ಗೌರವದಿಂದ ನಿಂತಿತ್ತು.

ಈಗ ಕ್ರೋಕ್ ಪಾರ್ಕ್‌ನಲ್ಲಿ 82 ಸಾವಿರಕ್ಕೂ ಹೆಚ್ಚು ಜನ ಹಿಡಿಸುತ್ತಾರೆ. ಜುಲೈನಲ್ಲಿ ನಡೆಯುವ ಅಖಿಲ ಐರ್ಲೆಂಡ್ ಫೈನಲ್‌ಗಳಿಗೆ ಟಿಕೆಟ್ ಸಿಕ್ಕರೆ ಪುಣ್ಯ. ಅಷ್ಟು ಜನರ ಮುಂದೆ ಆಡುವ ಆಟಗಾರರಿಗೆ ಸಂಬಳವಿಲ್ಲ. ಪಂದ್ಯ ಮುಗಿದ ಮೇಲೆ ಅವರು ತಮ್ಮ ಶಾಲೆಗೆ, ಹೊಲಕ್ಕೆ, ಕಚೇರಿಗೆ ಹಿಂತಿರುಗುತ್ತಾರೆ. ಕಾರ್ಕ್ ಕೌಂಟಿಯ ದಂತಕಥೆ ಕ್ರಿಸ್ಟಿ ರಿಂಗ್ ಎಣ್ಣೆ ಟ್ಯಾಂಕರ್ ಓಡಿಸುತ್ತಿದ್ದರು. ಕಿಲ್ಕೆನ್ನಿಗಾಗಿ ಹತ್ತು ಸಲ ಅಖಿಲ ಐರ್ಲೆಂಡ್ ಪದಕ ಗೆದ್ದ ಹೆನ್ರಿ ಶೆಫ್ಲಿನ್ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದರು. ಆಟಗಾರ ಆಡುವುದು ತಾನು ಹುಟ್ಟಿ ಬೆಳೆದ ಊರಿಗೆ. ಹೆಚ್ಚು ಹಣ ಕೊಡುವ ತಂಡ ಎಂಬುದೇ ಅಲ್ಲಿಲ್ಲ. ಪ್ರವಾಸಿಗೆ ಕೋಲು ಹಿಡಿಯಲು ಕಲಿಸುವವರೂ ಬಹುಮಟ್ಟಿಗೆ ಇಂಥದೇ ಊರ ತಂಡಗಳಲ್ಲಿ ಆಡಿದವರು, ಮಕ್ಕಳಿಗೆ ಪುಕ್ಕಟೆಯಾಗಿ ಹೇಳಿಕೊಟ್ಟವರು. ಅವರ ಮಾತಿನಲ್ಲಿ ತಮ್ಮ ಊರಿನ ಹೆಸರು ಪದೇಪದೇ ಬರುತ್ತದೆ.

ಊರಿನ ಆಟವೆಂದ ಮೇಲೆ ಹೊರಗಿನವರಿಗೆ ಜಾಗವಿದೆಯೇ ಎಂಬ ಪ್ರಶ್ನೆ ಏಳುವುದು ಸಹಜ. ಉತ್ತರಕ್ಕೆ ಜ್ಯಾಕ್ ಮೊರಾಡಿಯವರನ್ನು ನೋಡಬೇಕು. ಇರಾಕಿನ ನಿರಾಶ್ರಿತರ ಶಿಬಿರದಲ್ಲಿ ಕುರ್ದಿಷ್ ಕುಟುಂಬದಲ್ಲಿ ಹುಟ್ಟಿ, ಹುಡುಗನಾಗಿ ಲೀಟ್ರಿಮ್ ಕೌಂಟಿಗೆ ಬಂದಿಳಿದವರು. ಅಲ್ಲಿ ಕೋಲು ಹಿಡಿದು ಕಲಿತು, 2019ರಲ್ಲಿ ಲೋರಿ ಮಹರ್ ಕಪ್ ಎಂಬ ಹರ್ಲಿಂಗ್ ಪಂದ್ಯಾವಳಿ ಗೆದ್ದ ಲೀಟ್ರಿಮ್ ತಂಡದಲ್ಲಿ ಕ್ರೋಕ್ ಪಾರ್ಕ್‌ನಲ್ಲಿ ಆಡಿದರು. 2005ರಲ್ಲಿ ಕಾರ್ಕ್ ತಂಡದ ನಾಯಕನಾಗಿ ಅಖಿಲ ಐರ್ಲೆಂಡ್ ಕಪ್ ಎತ್ತಿದ ಶಾನ್ ಓಗ್ ಓಹಾಲ್ಪಿನ್ ಫಿಜಿಯಲ್ಲಿ ಹುಟ್ಟಿದವರು, ತಾಯಿ ಅಲ್ಲಿನ ರೊಟುಮಾ ದ್ವೀಪದವರು. ವಿಜಯದ ಭಾಷಣವನ್ನು ಅವರು ಐರಿಷ್ ಭಾಷೆಯಲ್ಲೇ ಮಾಡಿದರು.

ಈ ಆಟದ ಮಾತಾಡುವಾಗ ರೇಡಿಯೊಗೆ ಸಂಬಂಧಿಸಿದ ಇನ್ನೊಂದು ಸಂಗತಿ ಹೇಳಲೇಬೇಕು. 1926ರ ಆಗಸ್ಟ್ 29ರಂದು ಕಿಲ್ಕೆನ್ನಿ ಮತ್ತು ಗಾಲ್ವೆ ತಂಡಗಳ ಹರ್ಲಿಂಗ್ ಸೆಮಿಫೈನಲ್ ಪಂದ್ಯದ ವೀಕ್ಷಕ ವಿವರಣೆ ಡಬ್ಲಿನ್ ಬಾನುಲಿಯಿಂದ ನೇರವಾಗಿ ಪ್ರಸಾರವಾಯಿತು. ಯುರೋಪಿನಲ್ಲಿ ಮೈದಾನದ ಆಟವೊಂದರ ಮೊತ್ತಮೊದಲ ನೇರ ವಿವರಣೆಯೆಂದು ಐರಿಷರು ಅದನ್ನು ಹೆಮ್ಮೆಯಿಂದ ನೆನೆಯುತ್ತಾರೆ.

ಕೋಲಿನ ವಿಷಯಕ್ಕೆ ಮರಳುವುದಾದರೆ, ಒಳ್ಳೆಯ ಹರ್ಲಿ ಆಗುವುದು ಆ್ಯಶ್ ಮರದಿಂದ, ಅದರಲ್ಲೂ ಬುಡದ ಒಂದೂಕಾಲು ಮೀಟರಿನಷ್ಟು ಭಾಗದಿಂದ. ಬೇರಿನ ಕಡೆಗೆ ಕಾಂಡ ಬಾಗುವಲ್ಲಿ ಮರದ ಎಳೆಯೂ ಬಾಗುತ್ತದೆ. ಕೋಲಿನ ತುದಿ ಆ ಬಾಗನ್ನೇ ಅನುಸರಿಸಿದರೆ ಪೆಟ್ಟಿಗೆ ಸುಲಭವಾಗಿ ಸೀಳುವುದಿಲ್ಲ. ದುಃಖದ ಸಂಗತಿಯೆಂದರೆ, ಆ್ಯಶ್ ಮರಗಳನ್ನು ಒಣಗಿಸುವ ಶಿಲೀಂಧ್ರ ರೋಗ 2012ರಲ್ಲಿ ಐರ್ಲೆಂಡಿನಲ್ಲಿ ಪತ್ತೆಯಾಯಿತು. ಅಂದಿನಿಂದ ತೋಪುಗಳೇ ಸಾಯುತ್ತಿವೆ. ಕೋಲಿನ ಮರ ಹೆಚ್ಚಾಗಿ ಹೊರದೇಶಗಳಿಂದ ಬರುತ್ತದೆ. ಕೃತಕ ವಸ್ತುಗಳ ಕೋಲುಗಳ ಜೊತೆಗೆ ಬಿದಿರಿನ ಕೋಲುಗಳೂ ಈಗ ಬಳಕೆಗೆ ಬಂದಿವೆ. 2018ರಲ್ಲಿ ಯುನೆಸ್ಕೊ ಹರ್ಲಿಂಗನ್ನೂ ಅದರ ಮಹಿಳಾ ರೂಪವಾದ ಕಮೋಗಿಯನ್ನೂ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದ ಆಟಕ್ಕೆ ಬೇಕಾದ ಮರ ಹೀಗೆ ನೆಲದಲ್ಲೇ ಒಣಗುತ್ತಿರುವುದು ಸಣ್ಣ ನಷ್ಟವಲ್ಲ.

ಕೋಲು ಕಷ್ಟವೆನಿಸಿದವರಿಗೆ ಗೇಲಿಕ್ ಫುಟ್ಬಾಲ್ ಇದೆ. ಬಯಲು, ಕಂಬ ಎಲ್ಲ ಅದೇ. ದುಂಡು ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ನಾಲ್ಕು ಹೆಜ್ಜೆಗೊಮ್ಮೆ ಒಂದೋ ನೆಲಕ್ಕೆ ಪುಟಿಸಬೇಕು, ಇಲ್ಲವೇ ಕಾಲಿನ ತುದಿಗೆ ಬಿಟ್ಟು ಮತ್ತೆ ಕೈಗೆ ಚಿಮ್ಮಿಸಿಕೊಳ್ಳಬೇಕು. 2025ರಿಂದ 40 ಮೀಟರ್ ಕಮಾನಿನ ಹೊರಗಿನಿಂದ ಅಡ್ಡಪಟ್ಟಿಯ ಮೇಲೆ ಒದ್ದರೆ ಎರಡು ಅಂಕ ಸಿಗುತ್ತದೆ. ಹ್ಯಾಂಡ್‌ಬಾಲ್‌ಗೆ ಗೋಡೆಯೇ ಜೊತೆಗಾರ: ಅಂಗೈಯಿಂದ ಚೆಂಡನ್ನು ಗೋಡೆಗೆ ಬಾರಿಸಬೇಕು, ಎರಡೂ ಕೈ ಸಮನಾಗಿ ಪಳಗಬೇಕು.

ಕಾರ್ಕ್ ಮತ್ತು ಆರ್ಮಾ ಕೌಂಟಿಗಳಿಗೆ ಹೋದವರು ರಸ್ತೆ ಬೌಲಿಂಗ್ ನೋಡದೆ ಬರಬಾರದು. ಇದಕ್ಕೆ ಬಯಲೇ ಬೇಡ, ತಿರುವುಗಳಿರುವ ಹಳ್ಳಿಯ ರಸ್ತೆ ಸಾಕು. ಸುಮಾರು 800 ಗ್ರಾಂ ತೂಕದ, ಮುಷ್ಟಿಯಲ್ಲಿ ಹಿಡಿಯುವಷ್ಟು ದೊಡ್ಡ ಕಬ್ಬಿಣದ ಗುಂಡನ್ನು ಓಡಿಬಂದು ಕೆಳಗೈಯಿಂದ ಎಸೆಯಬೇಕು. ಕೆಲವು ಕಿಲೋಮೀಟರ್ ದೂರದ ಗೆರೆಯನ್ನು ಕಡಿಮೆ ಎಸೆತಗಳಲ್ಲಿ ಮುಟ್ಟಿದವರು ಗೆದ್ದಂತೆ. ಮುಂದೆ ರಸ್ತೆಯಲ್ಲಿ ಒಬ್ಬರು ಕಾಲು ಅಗಲಿಸಿ ನಿಂತು ಗುಂಡು ಹೋಗಬೇಕಾದ ದಾರಿ ತೋರಿಸುತ್ತಾರೆ. ಗುಂಡು ಉರುಳಿ ಬರುವಾಗ ಹಾರಿ ಪಕ್ಕಕ್ಕೆ ಸರಿಯುತ್ತಾರೆ. ಜನ ಬೇಲಿಯ ಪಕ್ಕದಲ್ಲಿ ಬಾಜಿ ಕಟ್ಟುತ್ತ, ಎಸೆಯುವವರ ಜೊತೆಗೇ ನಡೆಯುತ್ತಾರೆ. ಕಾರ್ಕ್ ಬಳಿಯ ಚೆಟ್ವಿಂಡ್ ರೈಲು ಸೇತುವೆಯನ್ನು ದಾಟಿ ಹೋಗುವಂತೆ ಗುಂಡನ್ನು ಕೆಳಗಿನಿಂದ ಮೇಲಕ್ಕೆ ಎಸೆಯುವುದು ಈ ಆಟದವರ ಹಳೆಯ ಸವಾಲು. 1955ರಲ್ಲಿ ಮಿಕ್ ಬ್ಯಾರಿ ಹಗುರ ಗುಂಡಿನಿಂದ ಅದನ್ನು ಸಾಧಿಸಿದರು. 1985ರಲ್ಲಿ ಪೂರ್ಣ ತೂಕದ ಗುಂಡನ್ನು ದಾಟಿಸಿದವರು ಜರ್ಮನಿಯಿಂದ ಬಂದಿದ್ದ ಹಾನ್ಸ್ ಬೋಲೆನ್. ಜರ್ಮನಿ, ನೆದರ್ಲೆಂಡ್ಸ್‌ಗಳಲ್ಲೂ ಇದಕ್ಕೆ ಹೋಲುವ ಆಟವಿದೆ. ಕಾರ್ಕ್ ಕೌಂಟಿಯ ಬ್ಯಾಲಿನ್‌ಕರಿಗ್ ಹಳ್ಳಿಯಲ್ಲಿ ನಡೆಯುವ ‘ಕಿಂಗ್ ಆಫ್ ದ ರೋಡ್ಸ್’ ಪಂದ್ಯಕ್ಕೆ ಆ ದೇಶಗಳ ಎಸೆಗಾರರು ಈಗಲೂ ಬಂದು, ಊರವರ ಜೊತೆ ಅದೇ ರಸ್ತೆಯಲ್ಲಿ ಗುಂಡು ಉರುಳಿಸುತ್ತಾರೆ.