ಕಸ ಗುಡಿಸುತ್ತಿದ್ದ ಗುರು



ಸಾಫ್ಟ್‌ವೇರ್‌ನವನು ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಅಂದುಕೊಂಡಿರುತ್ತೀರಿ. ನಾನು ಹೇಳುವುದು ಕರಡಿ ಬೇಟೆಯ ಸಂಗತಿ.

1920ರಲ್ಲಿ ಅಮೆರಿಕದ ಡಾಕ್ಟರ್ ಸ್ಯಾಕ್ಸ್‌ಟನ್ ಪೋಪ್, ಗೆಳೆಯ ಆರ್ಥರ್ ಯಂಗ್ ಮತ್ತು ಸಂಗಡಿಗರು ಯೆಲ್ಲೋಸ್ಟೋನ್ ಕಾಡಿಗೆ ಹೋದರು. ಒಂದು ಮ್ಯೂಸಿಯಂಗೆ ಗ್ರಿಜ್ಲಿ ಕರಡಿಗಳು ಬೇಕಿದ್ದವು. ಸರ್ಕಾರದ ಪರವಾನಗಿ ಇತ್ತು. ಬಂದೂಕಿನ ಕಾಲದಲ್ಲಿ ಅವರು ಹೊಡೆದದ್ದು ಕೈಯಲ್ಲಿ ಮಾಡಿದ ಬಿಲ್ಲುಬಾಣಗಳಿಂದ.

ಪೋಪ್ ಅವರಿಗೆ ಆ ವಿದ್ಯೆ ಕಲಿಸಿದವರು ಇಶಿ, ಯಾಹಿ ಬುಡಕಟ್ಟಿನ ಕೊನೆಯವರು. ವಲಸೆ ಬಂದ ಬಿಳಿಯರು ಅವರ ಜನರನ್ನು ಕೊಂದಿದ್ದರು. 1911ರಲ್ಲಿ ಒಬ್ಬರೇ ಕಾಡಿನಿಂದ ಹೊರಬಂದ ಇಶಿ, ಸ್ಯಾನ್ ಫ್ರಾನ್ಸಿಸ್ಕೋದ ಮ್ಯೂಸಿಯಂ ಒಂದರಲ್ಲಿ ಕಸ ಗುಡಿಸುತ್ತಿದ್ದರು. ಪಕ್ಕದ ಆಸ್ಪತ್ರೆಯ ಸರ್ಜನ್ ಪೋಪ್ ಅವರ ಶಿಷ್ಯರಾದರು. 1916ರಲ್ಲಿ ಇಶಿ ಕ್ಷಯದಿಂದ ತೀರಿಕೊಂಡರು. ಕಲಿಸಿದ ವಿದ್ಯೆ ಉಳಿಯಿತು.

ಬೇಟೆಯನ್ನು ನಾನು ಹೊಗಳುತ್ತಿಲ್ಲ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಕರಡಿಯನ್ನು ಕಾಪಾಡುತ್ತದೆ, ಅದೇ ಸರಿ. ನನ್ನನ್ನು ಕಾಡುವುದು ಆ ಡಾಕ್ಟರ್ ಶಿಷ್ಯನಾಗಿ ಕೂತದ್ದು.

ನಮ್ಮಜ್ಜ ಶಾಲೆ ಕಂಡವರಲ್ಲ. ಹೊಲದಲ್ಲಿ ಹೆಜ್ಜೆ ನೋಡಿ, ಕರಡಿ ಯಾವಾಗ ಬಂದಿತ್ತು, ಯಾವ ಕಡೆ ಹೋಯಿತು ಅಂತ ಹೇಳುತ್ತಿದ್ದರು. ಬಿ.ಇ. ಓದುತ್ತಿದ್ದ ನಾನು ಹೂಂ ಅಂದು ಎದ್ದು ಹೋಗುತ್ತಿದ್ದೆ. ಈಗ ಕೇಳೋಣವೆಂದರೆ ಅಜ್ಜ ಇಲ್ಲ.

ಮಕ್ಕಳೇ, ಇವತ್ತು ಮನೆಗೆ ಹೋಗಿ ಅಜ್ಜ ಅಜ್ಜಿಯ ಹತ್ತಿರ ಒಂದು ವಿಷಯ ಕೇಳಿ, ನೋಟ್‌ಬುಕ್ಕಿನಲ್ಲಿ ಬರೆದಿಡಿ.