ಹಾಳು ಹಂಪೆಯ ಬಾಳುವ ಬೀದಿ

‘ಹಾಳು ಹಂಪೆ’ ಎಂಬುದು ಕನ್ನಡಿಗರ ಬಾಯಲ್ಲಿ ರೂಢಿಯಾಗಿರುವ ಮಾತು. ವಿರೂಪಾಕ್ಷ ದೇವಾಲಯದ ಮುಂದೆ ನಿಂತು ಪೂರ್ವಕ್ಕೆ ನೋಡಿದರೆ ಅದು ಅರ್ಧ ಮಾತ್ರ ನಿಜವೆಂದು ತಿಳಿಯುತ್ತದೆ.

ಮೊದಲು ಸುತ್ತಲಿನ ಬೆಟ್ಟಗಳನ್ನು ಗಮನಿಸಿ. ಬಂಡೆಯ ಮೇಲೆ ಬಂಡೆ ಪೇರಿಸಿದಂತಿರುವ ಆ ರಾಶಿಗಳನ್ನು ಕಂಡು, ಎಂದೋ ಭೂಕಂಪವಾಗಿರಬೇಕೆಂದು ಹಲವರು ಭಾವಿಸುತ್ತಾರೆ. ಹಾಗಲ್ಲ. ಇವು ಇನ್ನೂರೈವತ್ತು ಕೋಟಿ ವರ್ಷಗಳಷ್ಟು ಹಳೆಯ ಗ್ರಾನೈಟ್ ಬಂಡೆಗಳು. ನೆಲದೊಳಗಿದ್ದಾಗಲೇ ಬಿರುಕುಗಳಲ್ಲಿ ನೀರಿಳಿದು ಅಂಚುಗಳು ಸವೆದವು. ಮೇಲಿನ ಮಣ್ಣು ಕೊಚ್ಚಿಹೋದ ಮೇಲೆ ದುಂಡುಗಲ್ಲುಗಳು ಇದ್ದಲ್ಲೇ ಉಳಿದವು. ವಿಜಯನಗರದ ಕಲ್ಲುಕುಟಿಗರು ಇಂಥ ಬಂಡೆಗಳಿಗೆ ಸಾಲಾಗಿ ಗುಳಿ ತೋಡಿ, ಬೆಣೆ ಇಟ್ಟು ಸೀಳಿದರು. ಆ ಗುಳಿಗಳ ಗುರುತು ಇಂದಿಗೂ ಕಾಣುತ್ತದೆ. ಬೆಟ್ಟದ ಕಲ್ಲೇ ಬೀದಿಯ ಕಂಬವಾಯಿತು.

ಆ ಬೀದಿಯೇ ಹಂಪಿ ಬಜಾರ್. ದೇವಾಲಯದಿಂದ ಮಾತಂಗ ಬೆಟ್ಟದ ಬಳಿಯ ಎದುರು ಬಸವಣ್ಣನವರೆಗೆ ಸುಮಾರು ಮುಕ್ಕಾಲು ಕಿಲೋಮೀಟರ್ ಉದ್ದ, ಇಕ್ಕೆಲಗಳಲ್ಲಿ ಸಾಲುಮಂಟಪ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಗುಡಿಯ ಮುಂದಿನ ಬೀದಿಯಲ್ಲಿ ಯಾತ್ರಿಕರು ತಂಗುತ್ತಿದ್ದುದನ್ನು ದಾಖಲಿಸಿದ್ದಾನೆ. 1565ರ ಯುದ್ಧದ ನಂತರ ರಾಜಧಾನಿ ಬರಿದಾಯಿತು, ಗುಡಿ ಬರಿದಾಗಲಿಲ್ಲ. ವಿರೂಪಾಕ್ಷನ ತೇರು ಈಗಲೂ ಈ ಬೀದಿಯಲ್ಲೇ ಸಾಗುತ್ತದೆ. ಕಾಲಾನಂತರ ಮಂಟಪಗಳಲ್ಲಿ ಜನ ಸಂಸಾರ ಹೂಡಿದರು. ಕಂಬಗಳ ನಡುವೆ ಗೋಡೆ ಎದ್ದಿತು, ಅಂಗಡಿ, ಹೋಟೆಲುಗಳು ಬಂದವು.

1986ರಲ್ಲಿ ಹಂಪಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2011ರ ಜುಲೈನಲ್ಲಿ ಬಜಾರಿನ ಮನೆ, ಅಂಗಡಿಗಳನ್ನು ಕೆಡವಲಾಯಿತು. ಮುಚ್ಚಿಹೋಗಿದ್ದ ಕಂಬಗಳು ಬೆಳಕಿಗೆ ಬಂದವು. ಅಲ್ಲಿ ಬಾಳಿದ್ದ ಕುಟುಂಬಗಳು ನೆಲೆ ಕಳೆದುಕೊಂಡವು. ಗೋಡೆಗಳಿಂದ ಸ್ಮಾರಕಕ್ಕೆ ಹಾನಿಯಾಗಿದ್ದುದು ಸುಳ್ಳಲ್ಲ. ಯಾತ್ರಿಕರಿಗೆ ಊಟ, ನೆರಳು ಕೊಡುತ್ತಿದ್ದವರು ಬೀದಿಯ ಮೂಲ ಕಸುಬನ್ನೇ ಮುಂದುವರಿಸಿದ್ದರೆಂಬುದೂ ಸುಳ್ಳಲ್ಲ.

2024ರ ಮೇ ತಿಂಗಳ ಮಳೆಗೆ ಇದೇ ಸಾಲುಮಂಟಪದ ಒಂದು ಭಾಗ ಕುಸಿಯಿತು. ಜನರನ್ನು ತೆರವುಗೊಳಿಸಿದ ಮಾತ್ರಕ್ಕೆ ಕಲ್ಲು ಉಳಿಯುವುದಿಲ್ಲ. ಅದಕ್ಕೆ ನಿತ್ಯದ ನಿಗಾ ಬೇಕು. ಬೀದಿಗೆ ಕಲ್ಲಿನಷ್ಟೇ ಜನರೂ ಬೇಕು. ಸ್ಮಾರಕಕ್ಕೆ ಧಕ್ಕೆಯಾಗದಂತೆ, ಬೀದಿಯಿಂದ ಬದುಕಿದವರಿಗೂ ಅಲ್ಲಿ ಪಾಲು ಉಳಿಯುವಂತೆ ದಾರಿ ಹುಡುಕುವುದೇ ಹಂಪಿಯ ಮುಂದಿರುವ ಕೆಲಸ. ಇಲ್ಲವಾದರೆ, 1565ರ ಯುದ್ಧಕ್ಕೂ ಹಾಳಾಗದ ಬೀದಿಯನ್ನು ಕಾಪಾಡುವ ಹೆಸರಿನಲ್ಲೇ ಹಾಳುಗೆಡವಿದಂತಾದೀತು.