ಮುಳ್ಳಿನ ಕಿರೀಟದ ಅರಸರು

(ಶತಮಾನೋತ್ಸವದ ಸಿದ್ಧತೆಗಾಗಿ ನಡೆದ ಮೂರು ದಿನಗಳ ಪ್ರಾರ್ಥನಾಕೂಟದಲ್ಲಿ ನಮ್ಮ ಧರ್ಮಕೇಂದ್ರದ ಶ್ರೀಸಾಮಾನ್ಯರೊಬ್ಬರು ಮಾಡಿದ ಭಾಷಣ)



ದೇವರ ಸಾರ್ವಭೌಮತ್ವವನ್ನೂ ನಮ್ಮ ಆರಾಧನೆಯನ್ನೂ ಕುರಿತು ನಾಲ್ಕು ಮಾತು ಹೇಳಬೇಕೆಂದು ಗುರುಗಳು ಅಪ್ಪಣೆ ಮಾಡಿದ್ದಾರೆ. ನಾನು ದೈವಶಾಸ್ತ್ರ ಓದಿದವನಲ್ಲ; ಮಕ್ಕಳಿಗೆ ಲೆಕ್ಕ ಕಲಿಸಿ ನಿವೃತ್ತನಾದವನು. ಆದುದರಿಂದ ಬಲ್ಲದ್ದನ್ನಷ್ಟೇ ಹೇಳುತ್ತೇನೆ.

ಹಿರಿಯ ಮಗನನ್ನು ಮಣ್ಣಿಗೆ ಒಪ್ಪಿಸಿದ ಬಳಿಕ ಸುಮಾರು ಒಂದು ವರ್ಷ ನಾನು ಈ ದೇವಾಲಯದ ಕಡೆಯ ಸಾಲಿನಲ್ಲಿ ಕುಳಿತಿರುತ್ತಿದ್ದೆ. ಭಾನುವಾರದ ಬಲಿಪೂಜೆಯನ್ನು ತಪ್ಪಿಸಲಿಲ್ಲ. ಆದರೆ ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿ ತಂದೆಯ ಚಿತ್ತ ನೆರವೇರಲೆಂದು ಬೇಡುವ ಮಾತು ಬಂದಾಗ ನನ್ನ ತುಟಿ ಬಿಗಿಯುತ್ತಿತ್ತು. ಸಕಲವೂ ದೇವರ ಕೈಯಲ್ಲಿದೆ ಎಂದಾದರೆ ನನ್ನ ಮಗನೂ ಅದೇ ಕೈಯಲ್ಲಿದ್ದನಲ್ಲವೇ? ಅಂಥ ಅರಸನ ಮುಂದೆ ನಾನೇಕೆ ಮೊಣಕಾಲೂರಬೇಕು? ಮನೆಗೆ ಬಂದವರೆಲ್ಲ 'ದೇವರ ಚಿತ್ತ' ಎಂದು ಸಂತೈಸಿ ಹೋದರು. ಅವರದು ಒಳ್ಳೆಯ ಮನಸ್ಸೇ. ಆದರೂ ಸಾವಿನ ಮನೆಯಲ್ಲಿ ಆ ಮಾತನ್ನು ಅಷ್ಟು ಅವಸರದಿಂದ ಆಡಬಾರದು.

ಹೀಗಿರುವಾಗ ಕ್ರಿಸ್ತರಾಜರ ಹಬ್ಬ ಬಂದಿತು. ಇದು ಪುರಾತನ ಹಬ್ಬವಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಯುರೋಪಿನ ದೊಡ್ಡ ದೊಡ್ಡ ಸಿಂಹಾಸನಗಳು ಉರುಳಿ, ಅವುಗಳ ಜಾಗದಲ್ಲಿ ಹೊಸ ಸರ್ವಾಧಿಕಾರಿಗಳು ತಲೆಯೆತ್ತುತ್ತಿದ್ದ ಕಾಲದಲ್ಲಿ, ೧೯೨೫ರಲ್ಲಿ, ಜಗದ್ಗುರು ಹನ್ನೊಂದನೆಯ ಪಿಯೂಸರು ಇದನ್ನು ಸ್ಥಾಪಿಸಿದರು. ಮೊದಲು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಆಚರಿಸುತ್ತಿದ್ದರು. ೧೯೬೯ರ ಪರಿಷ್ಕರಣೆಯಲ್ಲಿ ಅದನ್ನು ಆರಾಧನಾ ವರ್ಷದ ಕೊನೆಯ ಭಾನುವಾರಕ್ಕೆ ತರಲಾಯಿತು.

ಆ ದಿನಕ್ಕೆ ಧರ್ಮಸಭೆ ಆರಿಸಿಕೊಟ್ಟಿರುವ ಶುಭಸಂದೇಶಗಳನ್ನು ಗಮನಿಸಿದ್ದೀರಾ? ಒಂದು ವರ್ಷ ಸಂತ ಮತ್ತಾಯರಿಂದ ಅಂತಿಮ ತೀರ್ಪಿನ ಪ್ರಸಂಗ: ಮಹಿಮೆಯ ಸಿಂಹಾಸನದಲ್ಲಿ ಕುಳಿತ ಅರಸರು, ಹಸಿದವನೂ ಸೆರೆಯಲ್ಲಿದ್ದವನೂ ತಾವೇ ಎನ್ನುತ್ತಾರೆ. ಮರುವರ್ಷ ಸಂತ ಯೊವಾನ್ನರಿಂದ: ಅರಸರು ಪಿಲಾತನ ಮುಂದೆ ಆರೋಪಿಯಾಗಿ ನಿಂತಿದ್ದಾರೆ. ಮೂರನೆಯ ವರ್ಷ ಸಂತ ಲೂಕರಿಂದ: ಅರಸರು ಶಿಲುಬೆಯ ಮೇಲೆ, ಅವರ ರಾಜ್ಯವನ್ನು ಬೇಡಿದವನು ಪಕ್ಕದಲ್ಲಿ ತೂಗುತ್ತಿದ್ದ ಒಬ್ಬ ಅಪರಾಧಿ. ನಾನು ಕೇಳಿದ್ದು ಈ ಮೂರನೆಯದನ್ನು.

ಯಾವ ಅರಸರ ಮೇಲೆ ನಾನು ಮುನಿದಿದ್ದೆನೋ ಅವರು ಎತ್ತರದ ಗದ್ದುಗೆಯಲ್ಲಿ ಕುಳಿತು ಆಜ್ಞೆ ಕಳುಹಿಸುವವರಲ್ಲ ಎಂಬುದು ಅಂದು ಮನಸ್ಸಿಗೆ ನಾಟಿತು. ನನಗೆ ಹೇಳಲಾಗದಿದ್ದ ಮಾತನ್ನು ಅವರೇ ಗೆತ್ಸೆಮನಿ ತೋಪಿನಲ್ಲಿ ನೆಲಕ್ಕೆ ಬಿದ್ದು ಪ್ರಾರ್ಥಿಸಿದ್ದರು. ಅದಕ್ಕೂ ಮೊದಲು, ಆ ಪಾತ್ರೆ ತಮ್ಮಿಂದ ತೊಲಗಲೆಂದು ಬೇಡಿದ್ದರು. ಆ ಬೇಡಿಕೆ ಪಾಪವಾಗಿರಲಿಲ್ಲ. ಪಾತ್ರೆ ತೊಲಗಲಿಲ್ಲ. ಆದರೆ ಮೂರನೆಯ ದಿನ ಸಮಾಧಿಯ ಕಲ್ಲು ಉರುಳಿತ್ತು. ಪಿತದೇವರ ಸಾರ್ವಭೌಮತ್ವ ಅಷ್ಟು ದೂರ, ಸಾವಿನ ಆಚೆಗೂ, ಚಾಚಿದೆ.

ಇನ್ನು ಆರಾಧನೆಯ ಮಾತು. ಲೋಕದ ದೊರೆಗಳಿಗೆ ಪ್ರಜೆಗಳು ಕಪ್ಪಕಾಣಿಕೆ ಒಪ್ಪಿಸಬೇಕು. ಇಲ್ಲದಿದ್ದರೆ ಬೊಕ್ಕಸ ಬರಿದಾಗುತ್ತದೆ. ದೇವರ ಬೊಕ್ಕಸಕ್ಕೆ ನಮ್ಮ ಸ್ತುತಿಯಿಂದ ಒಂದು ಕಾಸೂ ಕೂಡುವುದಿಲ್ಲ. ಲೆಕ್ಕದ ಮೇಷ್ಟ್ರು ಹೇಳುತ್ತಿದ್ದೇನೆ, ನಂಬಿ! ಬಲಿಪೀಠದ ಬಳಿಗೆ ನಾವು ತರುವುದು ತುಸು ರೊಟ್ಟಿ, ತುಸು ದ್ರಾಕ್ಷಾರಸ, ಅದೂ ಅವರು ಕೊಟ್ಟದ್ದೇ. ಹಿಂದಕ್ಕೆ ಪಡೆಯುವುದು ಅರಸರನ್ನೇ. ಪ್ರಜೆಗಳಿಗೆ ತಮ್ಮ ದೇಹವನ್ನೇ ಉಣಬಡಿಸುವ ದೊರೆಯನ್ನು ಭಯದಿಂದ ಮಾತ್ರ ಆರಾಧಿಸಲು ಹೇಗೆ ಸಾಧ್ಯ?

ನನ್ನ ಮಗ ಏಕೆ ಹೋದನೆಂಬ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ನಾನು ಹೇಳಲಾರೆ. ಆದರೆ ಆ ಹಬ್ಬದ ದಿನ ಕಡೆಯ ಸಾಲಿನಿಂದ ಎದ್ದು ಪರಮಪ್ರಸಾದಕ್ಕೆ ಬಂದೆ. ಅಂದಿನಿಂದ ಆ ಮಾತನ್ನು ಎಲ್ಲರೊಡನೆ ಹೇಳುತ್ತಿದ್ದೇನೆ. ಕೆಲವು ಭಾನುವಾರ ಈಗಲೂ ಕಂಠ ಕಟ್ಟುತ್ತದೆ; ಆಗ ಪಕ್ಕದಲ್ಲಿ ನಿಂತಿರುವ ನೀವು ಹೇಳುತ್ತೀರಿ, ನಾನು ಕೇಳಿಸಿಕೊಳ್ಳುತ್ತೇನೆ.